ಮೇಲಿನ ಷಡ್ಜ ಯಾರ ಸಲುವಾಗಿ

ಧಾರವಾಡದ ಮಾಳಮಡ್ಡಿಯಲ್ಲಿರುವ ಅಂಬಾಬಾಯಿಯವರು ಹೆಣ್ಣುಮಕ್ಕಳ ಸಾಲೆಯೊಂದರಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ದೊಡ್ಡ ಗಾಯಕಿಯಾಗಬೇಕೆಂಬ ಹಂಬಲ ಅವರಿಗೆಂದೂ ಇರಲಿಲ್ಲ. ಆದರೆ ಗಂಡ ಶ್ರೀರಂಗರು ಹಿಂದುಸ್ತಾನಿ ರಾಗದಲ್ಲಿ ಹೊಸ ಹಾಡು, ಅಂದರೆ ಬಂದಿಶ್, ಕಟ್ಟಿದರೆ ಅದು ಮೊದಲು ಕೂರಬೇಕಾದದ್ದು ಇವರ ಕೊರಳಲ್ಲಿ. ಮದುವೆಯಾದಾಗಿನಿಂದ ಅದೇ ರೂಢಿ.

ಆ ಬಂದಿಶ್‌ಗಳ ಮೇಲೆ ಉಣಕಲ್ಲಿನ ಆರತಿ ಪಿಎಚ್‌ಡಿ ಹಿಡಿದಿದ್ದಳು. ಒಂದು ಮಧ್ಯಾಹ್ನ ಬಂದು, ಅಂಬಾಬಾಯಿ ಹಾಡಿದ ಹಳೆಯ ಧ್ವನಿಮುದ್ರಣಗಳನ್ನು ಲ್ಯಾಪ್‌ಟಾಪಿನಲ್ಲಿ ಕೇಳಿಸಿದಳು.

“ನೋಡ್ರಿ ಅಕ್ಕೋರ, ಮೊದಲಿನವು ಸೀದಾ ಮ್ಯಾಲಿನ ಷಡ್ಜಕ್ಕ ಜಿಗೀತಾವ. ಆಮ್ಯಾಲಿನವು ಕೆಳಗ, ಮಂದ್ರದಾಗ ಅಡ್ಡಾಡ್ತಾವ. ಸರ್ ಒಳಮುಖ ಆದರು ಅಂತ ಬರದೇನಿ.”

ಅಂಬಾಬಾಯಿ ನಕ್ಕುಬಿಟ್ಟರು. “ಒಳಮುಖ ಎಲ್ಲೀದು ತಗಿಯವ್ವಾ! ನನ್ನ ಗಂಟಲ ಆಪರೇಷನ್ ಆತು, ದನಿ ಮ್ಯಾಲೆ ಹೋಗಲಿಲ್ಲ. ಅದಕ್ಕ ಇವರು ಕೆಳಗ ಕಟ್ಟಿದರು.”

ಯಾರ ಮುಂದೂ ಆಡಿರದ ಮಾತು. ಗಂಡ ತುಟಿಪಿಟಕ್ಕೆನ್ನದೆ ತನಗಾಗಿ ಇಷ್ಟು ಮಾಡಿದರೆಂದು ಅವರು ಒಳಗೊಳಗೇ ಋಣಿಯಾಗಿದ್ದರು.

ಒಳಗೆ ಚಹಾ ಕುಡಿಯುತ್ತಿದ್ದ ಶ್ರೀರಂಗರು ಕಪ್ಪು-ಬಸಿ ಹಿಡಿದೇ ಹೊರಬಂದರು. “ಯಾರ ಹೇಳಿದರು ನಿನಗ? ನನಗ ಮೊದಲಿಂದ ಮಂದ್ರಾನ ಸೇರೂದು. ಆವಾಗ ನಿನಗ ಮ್ಯಾಲಿನ ಷಡ್ಜ ಅಂದ್ರ ಹಬ್ಬ. ನಿನ್ನ ಸಲುವಾಗಿ ಮ್ಯಾಲೆ ಕಟ್ಟಿದೆ. ಆಮ್ಯಾಲಿಂದು ನಂದು.”

“ಅಲ್ಲರಿ, ಹಂಗಾರ ಆಪರೇಷನ್ನು?”

“ಅದೂ ಇದ್ದೀತು. ಯಾವನಿಗ ನೆನಪದ?”

ಅಂಬಾಬಾಯಿಗೆ ದಿಕ್ಕು ತೋಚದಾಯಿತು. ಗಂಡನ ಇಷ್ಟದ ಹಾಡೆಂದು ಊರ ತುಂಬ ಮೆರೆಸಿದ ಮೇಲಿನದು ತನ್ನ ಖುಷಿಗೆ ಕಟ್ಟಿದ್ದು. ತನಗಾಗಿ ಬಂತೆಂದು ಎದೆಗೊತ್ತಿಕೊಂಡ ಕೆಳಗಿನದು ಅವರ ಸ್ವಂತ ಇಷ್ಟದ್ದು. ಹಿಗ್ಗಬೇಕೋ, ಬೇಜಾರಾಗಬೇಕೋ?

“ಒಂದ್ ಹಳೇದು ಹಾಡ್ರಿ ಅಕ್ಕೋರ,” ಎಂದಳು ಆರತಿ.

ಅಂಬಾಬಾಯಿ ಮದುವೆಯ ವರ್ಷದ ಬಂದಿಶ್ ಎತ್ತಿಕೊಂಡರು. ಮೇಲಕ್ಕೆ ಜಿಗಿಯುವ ಜಾಗ ಬಂದಾಗ, ಗಂಡನಿಗೆ ಸೇರುವುದು ಇದೇ ಅಲ್ಲವೇ ಎಂದು ಕೆಳಗಿನ ಷಡ್ಜಕ್ಕೇ ಇಳಿದು ನಿಂತರು.

ಶ್ರೀರಂಗರ ಮುಖ ಗಂಟಿಕ್ಕಿತು. “ಯಾಕ ಕೆಡಿಸಿದಿ? ಮ್ಯಾಲೆ ಹೋಗು.”

“ನಿಮಗ ಮಂದ್ರ ಸೇರ್ತದಂತ ಈಗರ ಅಂದಿರಲ್ಲ?”

“ಅಂದೆ, ಖರೇ,” ಎಂದ ಶ್ರೀರಂಗರು ಆರತಿಯತ್ತ ನೋಡಿದರು, ಉತ್ತರ ಅವಳ ಬಳಿ ಇದ್ದೀತೇನೋ ಎಂಬಂತೆ.

ಅಂಬಾಬಾಯಿ ಮೇಲೆ ಹೋದರು. ದನಿ ಒಡೆಯಿತು. ಶ್ರೀರಂಗರು ಕಣ್ಣು ಮುಚ್ಚಿ, “ಹಾಂ, ಛಲೋ,” ಎಂದರು.

ಮೇಲಿನ ಷಡ್ಜವೋ, ಒಡೆದ ದನಿಯೋ, ಯಾವುದು ಛಲೋ ಎಂದು ಅಂಬಾಬಾಯಿಗೆ ತಿಳಿಯಲಿಲ್ಲ.