ಎಳದೆ, ಹಾರಲಿಲ್ಲ

ಹವಾಲ್ದಾರ ಕಾಕಾನ ಬಲಗಿವಿ ಯಾವಾಗಲೂ ಕೆಂಪಗಿರುತ್ತಿತ್ತು. ಅದನ್ನು ಹಿಂಡುವುದು ಅವನ ಹೆಂಡತಿ ಕಾಕುವಿನ ಕೆಲಸ. ಫೌಜಿನಲ್ಲಿ ಬಂದೂಕು ರಿಪೇರಿ ಮಾಡುತ್ತ, ಮಾಡಿದ್ದನ್ನು ಹಾರಿಸಿ ನೋಡುತ್ತ ಕಾಕಾ ಎರಡೂ ಕಿವಿ ಕಳೆದುಕೊಂಡಿದ್ದ. ಪಿಂಚಣಿಯಾಗಿ ಊರಿಗೆ ಬಂದವನು ಹೈದರಾಬಾದಿನಿಂದ ಲೋಹ ಹುಡುಕುವ ಯಂತ್ರ ತಂದ. ಅದು ಕುಂಯ್‌ಗುಟ್ಟಿದರೆ ಇವನಿಗೆ ಕೇಳಬೇಕಲ್ಲ! ಹಾಗಾಗಿ ಮುಂದೆ ಕಾಕಾ ಯಂತ್ರ ಆಡಿಸುತ್ತ ನಡೆದರೆ, ಹಿಂದೆ ಕಾಕು ಹೆಡ್‌ಫೋನ್ ಹಾಕಿಕೊಂಡು, ಸೆರಗು ಸಿಕ್ಕಿಸಿಕೊಂಡು ಬರುತ್ತಿದ್ದಳು. ಕಬ್ಬಿಣದ ದನಿ ಬಂದರೆ ಬೆನ್ನಿಗೊಂದು ಗುದ್ದು, ಬಂಗಾರದ ದನಿ ಬಂದರೆ ಕಿವಿ ಹಿಂಡು.

ನಮ್ಮೂರು ಬಸವಕಲ್ಯಾಣದಿಂದ ಹುಲಸೂರಿಗೆ ಹೋಗುವ ದಾರಿಯಲ್ಲಿದೆ. ಕಳೆ ತೆಗೆಯುವ ಹೆಣ್ಣುಮಕ್ಕಳು ಹೊಲದಲ್ಲಿ ತಾಳಿಗುಂಡು ಕಳೆದುಕೊಂಡರೆ, ಓಲೆ ಕಳೆದುಕೊಂಡರೆ, ಕೊಹಿನೂರದಿಂದ, ಚಿಟಗುಪ್ಪದಿಂದ ಈ ಜೋಡಿಗೆ ಕರೆ ಬರುತ್ತಿತ್ತು. ಕಾಕಾ ದುಡ್ಡು ಮುಟ್ಟುತ್ತಿರಲಿಲ್ಲ. ಸಿಕ್ಕರೆ ಒಂದು ಖಡಕ್ ಚಾ, ಸಿಗದಿದ್ದರೆ ಎರಡು. ಜಂಬಕ್ಕೇನೂ ಕಡಿಮೆಯಿರಲಿಲ್ಲ. ‘ನಾ ಬಂದೇನಿ ಅಂದ್ರ ಭೂಮಿತಾಯಿ ಸುದ್ದಾ ಏನೂ ಬಚ್ಚಿಡಂಗಿಲ್ಲ’ ಎನ್ನುವನು. ಕಿವುಡನಾದ್ದರಿಂದ ಅವನ ಪಿಸುಮಾತೂ ಮೂರು ಓಣಿಗೆ ಕೇಳುತ್ತಿತ್ತು. ಅವನಿಗೆ ಗುಟ್ಟು ಹೇಳುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ.

ನಮ್ಮ ಮನೆಗೊಂದು ಹಳೆಯ ಗಾಯವಿತ್ತು. ನಿಜಾಮರ ಆಳ್ವಿಕೆ ಮುಗಿಯುವ ಗದ್ದಲದ ದಿನಗಳಲ್ಲಿ ನಮ್ಮಜ್ಜ ಊರ ಹೆಬ್ಬಾಗಿಲಾದ ಅಗಸಿ ಕಾಯುತ್ತಿದ್ದ. ಊರಿಗಿದ್ದ ಒಂದೇ ಬಂದೂಕು, ಒಡೆದ ಹಿಡಿಗೆ ತಾಮ್ರದ ತಂತಿ ಸುತ್ತಿದ್ದು, ಅವನ ಕೈಲಿತ್ತು. ಒಂದು ಮುಂಜಾನೆ ಲೂಟಿಗಾರರು ಅಗಸಿಯಿಂದಲೇ ನುಗ್ಗಿದರು. ಮನೆಗಳು ಸುಟ್ಟವು. ಅಜ್ಜ ಹೊಲ ಬಿದ್ದು ಓಡಿದ, ಬಂದೂಕು ದಾರಿಯಲ್ಲೆಲ್ಲೋ ಕಳೆದುಹೋಯಿತು. ‘ಎಳದೆ, ಹಾರಲಿಲ್ಲ’ ಎಂದು ಸಾಯುವವರೆಗೂ ಹೇಳಿದ. ಯಾರೂ ನಂಬಲಿಲ್ಲ. ಊರಲ್ಲಿ ಯಾರಾದರೂ ಕೆಲಸಕ್ಕೆ ಚಕ್ಕರ್ ಹೊಡೆದು ನೆಪ ಹೇಳಿದರೆ, ‘ಎಳದೆ, ಹಾರಲಿಲ್ಲ ಅನ್ನಾಕತ್ತಾನ ನೋಡು’ ಎಂದು ನಗುವುದೇ ರೂಢಿಯಾಯಿತು. ಅಪ್ಪ ಆ ನಗು ಕೇಳುತ್ತಲೇ ಮುದುಕನಾದ. ಅಗಸಿಯ ಕಟ್ಟೆಯಲ್ಲಿ ಕೂತವರ ಮುಂದೆ ಹಾಯಲಾರದೆ, ಯಾವಾಗಲೂ ಕೆರೆ ಕಡೆಯ ಓಣಿಯಿಂದಲೇ ಊರೊಳಗೆ ಬರುತ್ತಿದ್ದ.

ಒಂದು ಶ್ರಾವಣದಲ್ಲಿ ನಮ್ಮ ಉದ್ದಿನ ಹೊಲದಲ್ಲಿ ನನ್ನ ಮೂಗುಬಟ್ಟು ಬಿತ್ತು. ಕಾಕಾ, ಕಾಕು ಬಂದರು. ಬದುವಿನ ಹತ್ತಿರ ಕಾಕು ಬೆನ್ನಿಗೆ ಗುದ್ದಿದಳು. ಸ್ವಲ್ಪ ಮುಂದೆ ಮತ್ತೆ ಗುದ್ದಿದಳು. ಕಾಕಾ ಕುಂತು ಅಗೆದ. ಕೆಂಪು ಮಣ್ಣಿನೊಳಗಿಂದ ಉದ್ದನೆಯ ತುಕ್ಕಿನ ನಳಿಗೆ ಮೇಲೆ ಬಂತು. ಹಿಡಿಯ ಕಟ್ಟಿಗೆ ಮಣ್ಣಾಗಿತ್ತು, ಸುತ್ತಿದ್ದ ತಾಮ್ರದ ತಂತಿ ಮಾತ್ರ ಹಸಿರುಗಟ್ಟಿ ಉಳಿದಿತ್ತು. ಅಪ್ಪ ಗುರುತು ಹಿಡಿದು ಹಿಂದೆ ಸರಿದ. ‘ಬಾವ್ಯಾಗ ಒಗೀರಿ ಅದನ್ನ’ ಎಂದ.

ಕಾಕಾನಿಗೆ ಅದು ಕೇಳಿಸಲಿಲ್ಲ, ಪುಣ್ಯ. ನಮ್ಮನ್ನೆಲ್ಲ ಬೇವಿನ ಮರದಾಚೆ ಅಟ್ಟಿದ. ‘ಸತ್ತೇನಿ ಅಂತ ತಾನಾಗೇ ಹೇಳೂತನಾ ಬಂದೂಕು ಜೀವಂತನ ಅದ!’ ಬಂದೂಕಿನ ಬಾಯಿಯನ್ನು ಬದುವಿನ ಕಡೆ ತಿರುಗಿಸಿ, ನಳಿಗೆಯೊಳಗೆ ನೀರು ಸುರಿದು, ಜೋಳದ ದಂಟಿನಿಂದ ಮಣ್ಣು ತೆಗೆಯತೊಡಗಿದ. ಕೆಂಪು ಮಣ್ಣು ಬಂತು, ಬಂತು, ಆಮೇಲೆ ದಂಟು ಗಟ್ಟಿಯಾಗಿ ತಡೆದು ನಿಂತಿತು. ಅಲ್ಲಿಗೆ ಉಗುರಿನಿಂದ ಗುರುತು ಮಾಡಿ, ದಂಟನ್ನು ಹೊರಗೆ ನಳಿಗೆಯ ಮೇಲೆ ಇಟ್ಟು ಅಳೆದ. ಒಳಗಿನ ಆಳ ನಳಿಗೆಗಿಂತ ನಾಲ್ಕು ಬೆರಳು ಕಡಿಮೆ! ದಂಟಿನ ತುದಿಗೆ ಕರೀ ಹುಡಿ ಮೆತ್ತಿತ್ತು.

‘ಬಾಯಿಂದ ಮದ್ದು ತುಂಬೂ ಟೋಪಿ ಬಂದೂಕು’ ಎಂದು ಕೂಗಿದ. ‘ಮದ್ದು, ಗುಂಡು ಒಳಗೇ ಅವ!’ ಆ ದನಿಗೆ ಆಚೀಚೆ ಹೊಲದವರು, ಅಗಸಿ ಕಟ್ಟೆಯವರು ಎಲ್ಲ ಓಡಿಬಂದರು.

ಆಮೇಲೆ ಕಾಕಾ ಸುಮ್ಮನಾದ. ಅವನು ಸುಮ್ಮನಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕುದುರೆ, ಅಂದರೆ ಬಂದೂಕಿನ ಪುಟ್ಟ ಸುತ್ತಿಗೆ, ಬಂದು ಬಡಿಯುವ ಜಾಗದಲ್ಲಿ ತೊಗರಿಕಾಳಿನಷ್ಟು ತಾಮ್ರದ ಟೋಪಿ ಇರುತ್ತದೆ, ಅದರ ಕಿಡಿಗೇ ಮದ್ದು ಹತ್ತಿಕೊಳ್ಳುವುದು. ಇಲ್ಲಿ ಕುದುರೆ ಕೆಳಗೆ ಬಿದ್ದು, ಆ ಟೋಪಿ ಜಜ್ಜಿ, ಅಂಚು ಸೀಳಿ, ಎರಡೂ ಒಂದಾಗಿ ಅಂಟಿಕೊಂಡಿದ್ದವು. ಕಾಕಾ ಅಪ್ಪನ ಕಡೆ ತಿರುಗಿದ.

‘ನಿಮ್ಮಪ್ಪ ಕುದುರೆ ಪೂರಾ ಏರಿಸ್ಯಾನ. ಎಳದಾನ. ಟೋಪಿ ಒಡದದ. ಮದ್ದು ಹಸಿ ಇತ್ತೋ ಏನೋ, ಹತ್ತಿಲ್ಲ. ನಿಂತಾಂವ ನಿಮ್ಮಪ್ಪ. ಕೈಕೊಟ್ಟಿದ್ದು ಬಂದೂಕು.’

ಅಜ್ಜನ ಬೆರಳು ಎಳೆದ ಆ ಗಳಿಗೆ ಇಷ್ಟು ವರ್ಷ ನಮ್ಮ ಬದುವಿನಡಿ ಹಾಗೇ ಕಾದುಕೊಂಡಿತ್ತು. ಅಪ್ಪ ಮಣ್ಣಲ್ಲೇ ಕುಂತುಬಿಟ್ಟ. ‘ನಾನೂ ನಂಬಿರಲಿಲ್ಲಪ್ಪಾ’ ಎಂದ, ಬಂದೂಕಿಗೇ ಹೇಳುವಂತೆ. ಕಾಕು ಕಣ್ಣೊರೆಸಿಕೊಂಡು, ಮೆಲ್ಲಗೆ ಕಾಕಾನ ಕಿವಿ ಹಿಂಡಿದಳು. ‘ಎಲ್ಲಿ? ಎಲ್ಲಿ ಬಂಗಾರ?’ ಎಂದು ಅವನು ನೆಲ ತಡಕಾಡಿದ.

ಅವನೇ ಠಾಣೆಗೆ ಫೋನ್ ಮಾಡಿಸಿ, ಬಂದೂಕನ್ನು ಹಸಿ ಗೋಣಿಯಲ್ಲಿ ಸುತ್ತಿ ಪೊಲೀಸರಿಗೆ ಒಪ್ಪಿಸಿದ. ಮೂಗುಬಟ್ಟು ಸಿಗಲಿಲ್ಲವೆಂದು ನಮ್ಮಲ್ಲಿ ಎರಡು ಚಾ ಕುಡಿದ.

ಊರಿನ ನಗು ನಿಂತಿತು, ಅಪ್ಪನ ಕಾಲಿಗೆ ಮಾತ್ರ ರೂಢಿ ಬಿಡಲಿಲ್ಲ. ಸಂಜೆ ಕಟ್ಟೆಯಿಂದ ಕಾಕಾ ‘ಏ, ಈ ಕಡಿಂದ ಬಾರೋ!’ ಎಂದು ಅರಚುವನು. ಅಪ್ಪ ನಕ್ಕು ಕೆರೆ ಓಣಿಗೇ ತಿರುಗುವನು.

ಹೋದ ಚಳಿಗಾಲ ಕಾಕಾ ಹುಮನಾಬಾದಿನ ದವಾಖಾನೆಯಲ್ಲಿ ತೀರಿಕೊಂಡ. ಚಟ್ಟಕ್ಕೆ ಮುಂದಿನ ಹೆಗಲು ಕೊಟ್ಟವನು ಅಪ್ಪ. ಅಗಸಿ ಬಂದಾಗ ಜೊತೆಗೆ ಹೊತ್ತವರು ಹೆಜ್ಜೆ ತಡೆದು ಅವನ ಮುಖ ನೋಡಿದರು.

‘ನಡೀರಿ’ ಎಂದ ಅಪ್ಪ, ಕಾಕಾನಿಗೂ ಕೇಳುವಷ್ಟು ಜೋರಾಗಿ.