ತಂಪಕ್ಕನ ಮಾತ್ರೆ

ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಆಕೆಯ ಕೆಲಸ ಒಂದೇ: ಫೋನೆತ್ತಿ ಬೈಸಿಕೊಳ್ಳುವುದು. ನಲ್ಲಿಯಲ್ಲಿ ನೀರು ಬಾರದಿದ್ದರೂ ಆಕೆಗೇ ಬೈಗುಳ, ಪೈಪು ಒಡೆದು ಬೀದಿ ತುಂಬ ಹರಿದರೂ ಆಕೆಗೇ ಬೈಗುಳ. "ಆಗಲಿ ಸಾರ್, ಬರ್ಕೊಂಡೆ ಸಾರ್, ಕಳಿಸ್ತೀವಿ ಸಾರ್" ಎನ್ನುವುದು ಬಿಟ್ಟು ಬೇರೆ ಮಾತು ಆಕೆಯ ಬಾಯಿಂದ ಬಂದದ್ದನ್ನು ಕೇಳಿದವರಿಲ್ಲ. ಪಕ್ಕದ ಮೇಜಿನವರು ರಿಸೀವರ್ ಕುಕ್ಕಿ ಎದ್ದು ಹೋಗುವಾಗಲೂ ಈಕೆ ಸ್ಪಂಜು ಕಿತ್ತುಬಂದ ಕುರ್ಚಿಯಲ್ಲಿ ಕೂತು, ಕತ್ತಿನ ಹಿಂಭಾಗವನ್ನು ಎರಡು ಬೆರಳಿನಿಂದ ಒತ್ತಿಕೊಳ್ಳುತ್ತ ಮುಂದಿನ ಕರೆ ತೆಗೆದುಕೊಳ್ಳುತ್ತಿದ್ದಳು. ತಂಪಕ್ಕ ಎಂಬ ಹೆಸರು ಬಿದ್ದದ್ದು ಹಾಗೆ.

"ನನ್ ಬಿಪಿ ಏರಿಸ್ಬೇಡಿ ಮೇಡಂ!" ಎಂಬ ಮಾತು ದಿನಕ್ಕೆ ಹತ್ತಾರು ಸಲವಾದರೂ ಆ ಫೋನಿನೊಳಗಿಂದ ಬರುತ್ತಿತ್ತು. ಹಾಗೆ ಹೇಳುವವರೆಲ್ಲ ಗಂಟಲು ಹರಿಯುವಂತೆ ಕೂಗುವವರೇ. ಹೀಗಾಗಿ ಬಿಪಿ ಅಂದರೆ ಕೂಗುವವರ ಕಾಯಿಲೆ ಎಂದು ತಂಪಕ್ಕ ಯಾರನ್ನೂ ಕೇಳದೆ ತೀರ್ಮಾನಿಸಿಬಿಟ್ಟಿದ್ದಳು. ಆ ಲೆಕ್ಕದಲ್ಲಿ ಅವಳ ಮನೆಯೊಳಗೇ ಒಬ್ಬ ದೊಡ್ಡ ರೋಗಿ ಇದ್ದ.

ಗಂಡ ಮುದ್ರಣಯಂತ್ರದ ಪಕ್ಕದಲ್ಲಿ ನಿಂತು ಆಯುಷ್ಯ ಸವೆಸಿದವನು. ಅದರ ಸದ್ದನ್ನು ಮೀರಿಸಿ ಮಾತಾಡಿ ಮಾತಾಡಿ, ನಿವೃತ್ತನಾದ ಮೇಲೂ ಅವನ ದನಿ ಇಳಿಯಲೇ ಇಲ್ಲ. ಚಪ್ಪಲಿ ಕಾಣದಿದ್ದರೆ ಇಡೀ ಬೀದಿಗೆ ಸುದ್ದಿ. ಚಹಾಕ್ಕೆ ಸಕ್ಕರೆ ಕಮ್ಮಿಯಾದರೆ ಎದುರುಮನೆಯವರಿಗೂ ಗೊತ್ತು. ಮನುಷ್ಯ ಒಳ್ಳೆಯವನೇ, ಆದರೆ ಒಳ್ಳೆಯ ಮಾತನ್ನೂ ಕೂಗಿಯೇ ಆಡುತ್ತಿದ್ದ. ಹಗಲೆಲ್ಲ ಊರಿನ ಕೂಗು, ಸಂಜೆ ಇವನೊಬ್ಬನದು. ತಂಪಕ್ಕನಿಗೆ ಸಾಕುಸಾಕಾಗಿತ್ತು.

ನೌಕರರಿಗೂ ಮನೆಯವರಿಗೂ ಕಚೇರಿಯಲ್ಲಿ ಉಚಿತ ತಪಾಸಣೆ ಎಂದು ಗೊತ್ತಾದಾಗ ಅವನನ್ನು ಎಳೆದುಕೊಂಡೇ ಹೋದಳು. "ನಂಗೇನಾಗಿದೆ ಧಾಡಿ!" ಎಂದು ಅವನು ಗುಡುಗಿದ. ನರ್ಸ್ ಅವನ ತೋಳಿಗೆ ಪಟ್ಟಿ ಸುತ್ತಿ ನೋಡಿ, "ಚೆನ್ನಾಗಿದೆ ಅಂಕಲ್, ಹುಡುಗರ ಬಿಪಿ ಇದ್ದಂಗಿದೆ" ಎಂದು ನಕ್ಕಳು. ಹೇಗೂ ಬಂದಿದ್ದೀರಲ್ಲ ಎಂದು ತಂಪಕ್ಕನ ತೋಳಿಗೂ ಸುತ್ತಿದಳು. ಅವಳ ನಗು ನಿಂತಿತು. ಇನ್ನೊಂದು ತೋಳಿಗೆ ಸುತ್ತಿದಳು. ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ ಮತ್ತೊಮ್ಮೆ ನೋಡಿದಳು. ನೂರಾ ಎಂಬತ್ತರ ಮೇಲೆಯೇ ಇತ್ತು. ಪಕ್ಕದ ಕೋಣೆಯಲ್ಲಿದ್ದ ಡಾಕ್ಟರನ್ನು ಕರೆದಳು.

"ನಂಗೆ ಹೇಗೆ ಬರುತ್ತೆ ಸಾರ್? ನಾನು ಯಾರ ಮೇಲೂ ರೇಗಿದವಳೇ ಅಲ್ಲ" ಎಂದು ತಂಪಕ್ಕ ಡಾಕ್ಟರಿಗೇ ಸಮಾಧಾನ ಹೇಳಿದಳು.

"ರೇಗೋರಿಗೂ ಬರುತ್ತೆ, ರೇಗದೇ ಇರೋರಿಗೂ ಬರುತ್ತೆ ಅಮ್ಮಾ. ಎಷ್ಟೋ ಜನಕ್ಕೆ ಇದೆ ಅಂತಾನೇ ಗೊತ್ತಿರಲ್ಲ, ಒಂದು ದಿನ ಕೈಕಾಲು ಬಿದ್ದುಹೋದ್ಮೇಲೆ ಗೊತ್ತಾಗುತ್ತೆ. ದಿನಾ ಬೆಳಿಗ್ಗೆ ಒಂದು ಮಾತ್ರೆ, ತಪ್ಪಿಸ್ಬೇಡಿ. ಉಪ್ಪು ಕಮ್ಮಿ ಮಾಡಿ."

"ಆಗಲಿ ಸಾರ್" ಎಂದಳು, ಫೋನಿನಲ್ಲಿ ಅನ್ನುವ ಹಾಗೆಯೇ. ಒಂದಕ್ಷರವೂ ಕಿವಿಯೊಳಗೆ ಇಳಿದಿರಲಿಲ್ಲ. ಆ ನರ್ಸ್ ಇಬ್ಬರದ್ದನ್ನೂ ಅದಲುಬದಲು ಮಾಡಿದ್ದಾಳೆ, ಅಷ್ಟೇ ಎಂದುಕೊಂಡಳು.

ಮರುದಿನ ಬೆಳಿಗ್ಗೆ ಗಂಡನ ಅಂಗೈಗೆ ಮಾತ್ರೆ ಹಾಕಿದಳು.

"ಇದೇನೇ?"

"ಶಕ್ತಿಗೆ ಕೊಟ್ಟಿದಾರೆ, ನುಂಗಿ."

ಕೂಗುವ ಬಾಯಿ ಹೆಂಡತಿ ಕೊಟ್ಟದ್ದನ್ನು ಪ್ರಶ್ನಿಸದೆ ನುಂಗಿತು.

ಕೆಲವೇ ದಿನಗಳಲ್ಲಿ ಮನೆಯ ಸದ್ದು ಇಳಿಯಿತು. ಅವನು ಹೆಚ್ಚು ಹೊತ್ತು ಕುರ್ಚಿಯಲ್ಲೇ ಇರುತ್ತಿದ್ದ, ತೂಕಡಿಸುತ್ತಿದ್ದ. ಚಪ್ಪಲಿ ಬೇಕೆನ್ನಲೂ ಇಲ್ಲ, ಹೊರಗೆ ಹೋದರೆ ತಾನೆ. ಮದುವೆಯಾದ ಮೇಲೆ ಮೊದಲ ಸಲ ತಂಪಕ್ಕ ಚಹಾವನ್ನು ಬಿಸಿಯಿರುವಾಗಲೇ ಕುಡಿದಳು. ಕಿಟಕಿಯ ಹೊರಗೆ ಗುಬ್ಬಿಗಳ ಸದ್ದಿತ್ತು, ಅದನ್ನೂ ಕೇಳಿದಳು. ಸಂತೋಷವಾಯಿತು, ಸುಳ್ಳೇಕೆ ಹೇಳಬೇಕು. ಡಾಕ್ಟರು ಗಟ್ಟಿಗರು, ಮಾತ್ರೆಯೂ ಒಳ್ಳೆಯದೇ, ಹೆಸರು ಮಾತ್ರ ತಪ್ಪಿಸಿದರು ಎಂದುಕೊಂಡಳು. ಅವಳ ಕತ್ತಿನ ಹಿಂದಿನ ನೋವು ಇದ್ದಲ್ಲೇ ಇತ್ತು.

ಒಂದು ಭಾನುವಾರ ಅವನು ಫ್ಯಾನ್ ಆರಿಸಲು ಕುರ್ಚಿಯಿಂದ ಎದ್ದ. ಎದ್ದವನು ನಿಲ್ಲಲಾರದೆ ಪರದೆ ಹಿಡಿದುಕೊಂಡ. ಪರದೆ, ಅದರ ಸರಳು, ಅವನು, ಎಲ್ಲ ಒಟ್ಟಿಗೇ ನೆಲಕ್ಕೆ ಬಂದವು. ಹುಬ್ಬಿನ ಮೇಲಿಂದ ರಕ್ತ ಸುರಿಯುತ್ತಿತ್ತು. ಆಗಲೂ ಅವನು ಕೂಗಲಿಲ್ಲ. ತಂಪಕ್ಕನ ಜೀವ ಬಾಯಿಗೆ ಬಂದದ್ದು ಆಗ.

ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಒಯ್ದರು. ಅಲ್ಲಿದ್ದದ್ದು ತಪಾಸಣೆಗೆ ಬಂದಿದ್ದ ಡಾಕ್ಟರೇ. ಹೊಲಿಗೆ ಹಾಕಿ, ತೋಳಿಗೆ ಪಟ್ಟಿ ಸುತ್ತಿ ನೋಡಿ ಹುಬ್ಬು ಗಂಟಿಕ್ಕಿದರು. "ಬಿಪಿ ಇಷ್ಟು ಇಳಿದುಹೋಗಿದೆಯಲ್ಲ! ಏನಾದ್ರೂ ಮಾತ್ರೆ ತಗೊಳ್ತಿದೀರಾ?"

"ಶಕ್ತಿ ಮಾತ್ರೆ ಸಾರ್. ದಿನಾ ಬೆಳಿಗ್ಗೆ ಮರೀದೆ ಇವಳೇ ಕೊಡ್ತಾಳೆ" ಎಂದ ಗಂಡ. ಆ ಬಡಕಲು ದನಿಯಲ್ಲೂ ಹೆಮ್ಮೆಯಿತ್ತು.

ತಂಪಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಹೇಳಿದಳು, ಎಲ್ಲವನ್ನೂ ಹೇಳಿದಳು. ಡಾಕ್ಟರು ಬೈಯಲಿಲ್ಲ. ಅವಳ ತೋಳನ್ನೇ ಎಳೆದುಕೊಂಡು ಪಟ್ಟಿ ಸುತ್ತಿದರು. ಮೊದಲಿಗಿಂತ ಹೆಚ್ಚಿತ್ತು.

"ಅವರದ್ದು ಮಾತ್ರೆ ನಿಲ್ಲಿಸಿದ್ರೆ ಸರಿಹೋಗುತ್ತೆ. ನಿಮ್ಮದು ನೋಡಿ ಭಯ ಆಗ್ತಿದೆ ನಂಗೆ. ಈ ಆಸ್ಪತ್ರೆಗೆ ಮಲಗಿಸ್ಕೊಂಡು ತರಬೇಕಾಗಿದ್ದು ನಿಮ್ಮನ್ನ."

ಮನೆಗೆ ಬಂದು ಇಬ್ಬರೂ ಎದುರುಬದುರು ಕೂತರು. ಅವಳು ಕೂಗಿಗಾಗಿ ಕಾದಳು. ಈ ಸಲ ಅದು ತನಗೆ ಸಲ್ಲಬೇಕಾದದ್ದೇ ಎಂದುಕೊಂಡಿದ್ದಳು. ಅವನು ಬ್ಯಾಂಡೇಜು ಮುಟ್ಟಿ ನೋಡಿಕೊಂಡು ತಗ್ಗಿದ ದನಿಯಲ್ಲಿ ಕೇಳಿದ.

"ನಾನು ಸುಮ್ನೆ ಬಿದ್ಕೊಂಡಿದ್ನಲ್ಲ, ಆಗ ನಿಂಗೆ ಚೆನ್ನಾಗಿತ್ತಾ?"

ಇಲ್ಲ ಎನ್ನಬಹುದಿತ್ತು. ಎದುರಿನವರನ್ನು ತಣ್ಣಗಾಗಿಸುವ ಮಾತು ಅವಳಿಗೆ ನೀರು ಕುಡಿದಷ್ಟು ಸಲೀಸು. ಆದರೆ ಅಷ್ಟು ದಣಿದಿದ್ದಳು, ಸುಳ್ಳು ಬಾಯಿಗೆ ಬರಲಿಲ್ಲ.

"ಚೆನ್ನಾಗಿತ್ತು ರೀ."

"ಮೊದಲೇ ಹೇಳಬಾರದಿತ್ತಾ?"

"ಯಾವಾಗ ಹೇಳ್ಲಿ? ನೀವು ಉಸಿರು ತಗೊಳ್ಳೋಕಾದ್ರೂ ನಿಲ್ಲಿಸಿದ್ರಾ?"

ಅಷ್ಟೂ ವರ್ಷಗಳಲ್ಲಿ ತಂಪಕ್ಕ ಕೊಟ್ಟ ಮೊದಲ ದೂರು ಅದು.

ಬೆಳಿಗ್ಗೆ ಅವನೇ ನೀರು ತಂದು, ಅವಳ ಅಂಗೈಗೆ ಮಾತ್ರೆ ಹಾಕಿ, ನುಂಗುವವರೆಗೂ ಎದುರಿಗೆ ನಿಂತ. ಆಮೇಲೆ ಹೊರಗೆ ಹೋಗಲೆಂದು ಚಪ್ಪಲಿ ಹುಡುಕತೊಡಗಿದ. ಬಾಗಿಲ ಹಿಂದೆ ನೋಡಿದ, ಬಚ್ಚಲ ಹತ್ತಿರ ನೋಡಿದ, ಬಾಯಿ ತೆರೆದು ಮತ್ತೆ ಮುಚ್ಚಿಕೊಂಡ. ಚಪ್ಪಲಿ ಮಂಚದ ಕೆಳಗಿದ್ದದ್ದು ತಂಪಕ್ಕನಿಗೆ ಗೊತ್ತಿತ್ತು. ಏಳಬೇಕೆನ್ನಿಸಲಿಲ್ಲ. ಕತ್ತನ್ನು ಗೋಡೆಗೊರಗಿಸಿ ಕೂತೇ ಇದ್ದಳು.