ಎಡಗೈಗೆ ಕಮಾನು

ಬಸವಕಲ್ಯಾಣಕ್ಕೆ ಬಂದ ಮಾರನೆಯ ಬೆಳಿಗ್ಗೆ, ಬಿಚ್ಚದ ಗಂಟುಗಳ ನಡುವೆ ಕೂತು ಪಿಟೀಲಿನಲ್ಲಿ ತೋಡಿ ರಾಗ ನುಡಿಸುತ್ತಿದ್ದೆ. ಯಾರೋ ದಬದಬ ಬಾಗಿಲು ಬಡಿದರು. ತೆರೆದರೆ ಪಕ್ಕದ ಮನೆಯ ನೂರ್‌ಜಹಾನ್ ಆಪಾ, ಕೈಯಲ್ಲಿ ನೀರಿನ ತಂಬಿಗೆ ಹಿಡಿದು ಗಾಬರಿಯಾಗಿ ನಿಂತಿದ್ದರು.

"ಏನಾತ್ರಿ ಅಕ್ಕಾರ? ಯಾಕ ಅಳಾಕತ್ತೀರಿ?"

ಪಿಟೀಲು ತೋರಿಸಿದೆ. ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಮೈಸೂರಿನ ನಮ್ಮ ಬೀದಿಯಲ್ಲಿ ತೋಡಿ ಕೇಳಿಸಿದರೆ ಯಾರೂ ತಲೆಯೆತ್ತುತ್ತಿರಲಿಲ್ಲ, ಅದು ಹಾಲಿನವನ ಸೈಕಲ್ ಗಂಟೆಯಷ್ಟೇ ಮಾಮೂಲು. ಆದರೆ ಆಪಾ ಕೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ನಾನು ಅಳುವುದೊಂದೇ ಬಾಕಿಯಿತ್ತು.

ನನ್ನ ಯಜಮಾನರು ಪಶುವೈದ್ಯರು. ವರ್ಗವಾಗಿ ಬಂದ ಅವರಿಗೆ ಇಲ್ಲಿನ ಎಮ್ಮೆಗಳ ಪರಿಚಯ ಬೇಗ ಆಯಿತು. ನನಗೆ ಮನುಷ್ಯರದು ಆಗಲಿಲ್ಲ. ಅಲ್ಲಿ ಕಾಫಿ ಕುಡಿದು ಬೆಳಗಾಗುತ್ತಿತ್ತು, ಇಲ್ಲಿ ಚಹಾ ಜೊತೆ ಸುಸಲಾ, ಅಂದರೆ ಒಗ್ಗರಣೆ ಹಾಕಿದ ಚುರುಮುರಿ. ಅಂಗಡಿಯವನು "ಜಲ್ದಿ ಹೇಳ್ರಿ" ಅಂದರೆ ಗದರಿದ ಹಾಗೆ ಕೇಳುತ್ತಿತ್ತು. ಸಂಜೆಯಾದರೆ ಮೈಸೂರಿನ ಗುರುಗಳ ಮನೆಯ ಜಗುಲಿ ಕಣ್ಣ ಮುಂದೆ ಬರುತ್ತಿತ್ತು. ಒಟ್ಟಿಗೆ ಕೂತು ಶ್ರುತಿ ಸೇರಿಸಿಕೊಳ್ಳುವ ಆ ಗದ್ದಲವನ್ನು ನೆನೆದು ಅಡುಗೆಮನೆಯಲ್ಲಿ ಸುಮ್ಮನೆ ನಿಂತುಬಿಡುತ್ತಿದ್ದೆ.

ಹುಮನಾಬಾದಿನ ಒಂದು ಸಣ್ಣ ಸಂಗೀತ ಶಾಲೆಯಲ್ಲಿ ಪಿಟೀಲು ಕಲಿಸಲು ಕರೆದಾಗ ಬಸ್ಸು ಹತ್ತಿದೆ. ನನ್ನ ಗುರುಗಳು ವರ್ಷಗಟ್ಟಲೆ ಸರಳೆ ವರಸೆ ಬಿಟ್ಟು ಬೇರೇನೂ ಮುಟ್ಟಗೊಡುತ್ತಿರಲಿಲ್ಲ. ಅದೇ ದಾರಿ ಹಿಡಿದೆ. "ಸ ಹಾಡಿ" ಅಂದರೆ, ಹಾರ್ಮೋನಿಯಂ ಕೇಳಿ ಬೆಳೆದ ಮಕ್ಕಳು "ಯಾವ ಮನಿ ಸ ರೀ, ಕರಿ ಎರಡೇನ್ರಿ?" ಎಂದು ಕೇಳಿದರು. ಮನೆ ಅಂದರೆ ಅವರಿಗೆ ಹಾರ್ಮೋನಿಯಂನ ಪಟ್ಟಿ, ಕರಿ ಎರಡು ಅಂದರೆ ಎರಡನೆಯ ಕಪ್ಪು ಪಟ್ಟಿ. ಕ್ರಮೇಣ ನನ್ನ ದಾರಿ ಬದಲಾಯಿತು. ಮೊದಲು ನಿಮಗೆ ಬರುವ ಭಜನೆ ಹಾಡಿ, ಆಮೇಲೆ ಅದನ್ನು ತಂತಿಯ ಮೇಲೆ ಹುಡುಕೋಣ ಅಂದೆ. ತಂತಿಯ ಮೇಲೆ ಮನೆಗಳಿಲ್ಲ, ಕಿವಿಯೇ ಮನೆ ತೋರಿಸಬೇಕು.

ಆಗ ಬಂದವಳು ಹುಡಗಿ ಎಂಬ ಹತ್ತಿರದ ಹಳ್ಳಿಯ ಶಿವಲೀಲಾ. ಡಿಗ್ರಿ ಓದುತ್ತಿದ್ದಳು. ಎಡಗೈಯನ್ನು ಓಡ್ನಿಯೊಳಗೆ ಸುತ್ತಿಕೊಂಡೇ ಕೂರುವಳು. ದನಗಳಿಗೆ ಜೋಳದ ಕಣಕಿ ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಆ ಕೈಯ ನಡುವಿನ ಎರಡು ಬೆರಳು ಹೋಗಿದ್ದವು.

"ಹಾಡು ಕಲಿಯವ್ವಾ, ಗಂಟಲು ಚೆನ್ನಾಗಿದೆ" ಅಂದೆ.

"ಹಾಡು ಬ್ಯಾಡ್ರಿ ಟೀಚರ್. ನನಗ ಇದ ಬೇಕ್ರಿ" ಎಂದು ಪಿಟೀಲಿನತ್ತ ನೋಡಿದಳು.

ತಂತಿ ಒತ್ತುವ ಕೈ ಎಡಗೈ. ಆ ದಿನ ಬಸ್ಸಿನಲ್ಲಿ ಕೂತು ನನ್ನ ಎರಡೂ ಕೈ ನೋಡಿಕೊಂಡೆ. ಮನೆಗೆ ಬಂದು ನನ್ನ ಹಳೆಯ ಪಿಟೀಲಿನ ತಂತಿಗಳನ್ನೆಲ್ಲ ಬಿಚ್ಚಿ, ತಂತಿ ಹೊರುವ ಕುದುರೆಯನ್ನು ತಿರುಗಿಸಿ, ತಂತಿಗಳನ್ನು ಹಿಂದುಮುಂದಾಗಿ ಕಟ್ಟಿದೆ. ಎಡಗೈಯಲ್ಲಿ ಕಮಾನು, ಬಲಗೈ ಬೆರಳು ತಂತಿಯ ಮೇಲೆ. ಇಷ್ಟು ವರ್ಷ ನುಡಿಸಿದ ನನ್ನಿಂದ ಬಂದದ್ದು ಕೀರಲು ಸದ್ದು ಮಾತ್ರ. ಗೋಡೆಯಾಚೆಯಿಂದ ಆಪಾ ಕೂಗಿದರು, "ಇವತ್ತ ಬೆಕ್ಕು ಹೊಕ್ಕದೇನ್ರಿ ಮನಿಯಾಗ?" ನನಗೂ ನಗು ತಡೆಯಲಿಲ್ಲ. ಈ ಊರಿಗೆ ಬಂದಮೇಲೆ ಅಷ್ಟು ಜೋರಾಗಿ ನಕ್ಕದ್ದು ಅದೇ ಮೊದಲು.

ಅವಳಿಗೆ ಎಲ್ಲೆಲ್ಲಿ ಕಷ್ಟವಾಗುತ್ತದೆ ಎಂಬುದು ನನ್ನ ಕೈಗೇ ಗೊತ್ತಾದ ಮೇಲೆ ಆ ಪಿಟೀಲನ್ನು ಶಿವಲೀಲಾಳ ಕೈಗಿತ್ತೆ. ಉಳಿದ ಮಕ್ಕಳಿಗೆ ನನ್ನ ಎದುರು ಕೂತರೆ ಎಡಬಲ ಗಲಿಬಿಲಿ. ಇವಳಿಗೆ ಹಾಗಿಲ್ಲ. ಕನ್ನಡಿಯೊಳಗಿನಂತೆ ಎದುರು ಕೂತು, ನಾನು ಎಳೆದತ್ತ ಎಳೆದಳು. ಹೆಬ್ಬೆರಳು, ತೋರುಬೆರಳು, ಕಿರುಬೆರಳು, ಕಮಾನಿಗೆ ಅಷ್ಟು ಸಾಕಾಯಿತು. ಜಾರಿ ಬೀಳಿಸಿದಾಗಲೆಲ್ಲ "ಇನ್ನೊಮ್ಮೆ ರೀ" ಅನ್ನುವಳು. ಮುಂದಿನ ಚಳಿಗಾಲದ ಹೊತ್ತಿಗೆ ಒಂದು ಭಜನೆ ಪೂರ್ತಿ ಬಂತು.

ಶಾಲೆಯ ಸಣ್ಣ ಕಾರ್ಯಕ್ರಮದಲ್ಲಿ ಓಡ್ನಿಯನ್ನು ಸೊಂಟಕ್ಕೆ ಕಟ್ಟಿ ಕೂತಳು. ಪಿಟೀಲು ನುಡಿಸುವವರಲ್ಲಿ ಎಲ್ಲರ ಕಣ್ಣಿಗೆ ಮೊದಲು ಬೀಳುವುದು ಕಮಾನಿನ ಕೈ. ಅದನ್ನು ನಾನು ಮೊದಲೇ ಯೋಚಿಸಿರಲಿಲ್ಲ. ಒಂದು ಸ್ವರ ತಪ್ಪಿತು, ನಿಲ್ಲಲಿಲ್ಲ. ಮುಗಿದ ಮೇಲೆ ಅವಳ ತಾಯಿ ನನ್ನ ಕೈ ಹಿಡಿದುಕೊಂಡು, "ಮಂದಿ ಮುಂದ ಆ ಕೈ ಹೊರಗ ತೆಗೆದಿರಲಿಲ್ರಿ ಆಕಿ" ಅಂದರು.

ಅದಾದ ಮೇಲೆ ಮೈಸೂರಿಗೆ ಹೋದೆ. ಎಷ್ಟು ಹಂಬಲಿಸಿದ್ದ ಊರು! ಗುರುಗಳ ಜಗುಲಿಯಲ್ಲಿ ಹೊಸ ಮಕ್ಕಳು ಕೂತಿದ್ದರು. ಅವರ ಜೊತೆ ಕೂತು ನುಡಿಸಿದೆ, ಹೊಟ್ಟೆ ತುಂಬಿದ ಹಾಗಾಯಿತು. ಮನೆಗೆ ಬಂದು ಅಮ್ಮನ ಪಕ್ಕ ಕೂತು ಅವರೆಕಾಯಿ ಸುಲಿಯುತ್ತಿದ್ದಾಗ ಶಿವಲೀಲಾಳ ಫೋನು.

"ಟೀಚರ್, ಹೊಲದಾಗ ಸೀತನಿ ಸುಡಾಕತ್ತೇವ್ರಿ. ಯಾವಾಗ ಬರ್ತೀರಿ? ಅವ್ವ ಕೇಳಾಕತ್ತಾಳ."

ಹಸಿ ಜೋಳದ ತೆನೆ ಕೆಂಡದಲ್ಲಿ ಸುಟ್ಟು ಉದುರಿಸಿದ ಕಾಳು, ಅದೇ ಸೀತನಿ. ಅದರ ಹೊಗೆಯ ವಾಸನೆ ಇಲ್ಲಿಗೇ ಬಡಿದಂತಾಯಿತು.

"ಎಲ್ಲಾ ತಿಂದು ಖಾಲಿ ಮಾಡಬ್ಯಾಡ್ರಿ ಮತ್ತ. ನನಗೂ ಇಡ್ರಿ, ಬರಾಕತ್ತೇನಿ" ಅಂದೆ.

ಫೋನು ಇಟ್ಟಾಗ ಅಮ್ಮ ನನ್ನನ್ನೇ ನೋಡುತ್ತಿದ್ದರು.

"ಯಾರೇ ಅದು?"

"ನಮ್ಮೂರಿನ ಹುಡುಗಿ ಅಮ್ಮ" ಅಂದುಬಿಟ್ಟೆ.

ಅಮ್ಮ ಸುಲಿದ ಕಾಳಿನ ಬಟ್ಟಲನ್ನು ನನ್ನ ಕಡೆಗೆ ಇನ್ನಷ್ಟು ಹತ್ತಿರ ಸರಿಸಿದರು.